ಪರ್ದಾ ಆಗ್ಯಾದ

...ಏನ್ರಿ ಅವ್ವಾರ, ಇಲ್ಲೇ ನಿಂತ್ರಿ? ನಿಮ್ಮ ಬಸ್ಸಿನ ಮಂದಿ ಎಲ್ಲಾ ಮುಂದ ದಿವಾನಖಾನಿಗಿ ಹೋದ್ರು. ಹವೇಲಿ ದೊಡ್ಡದದ, ದಾರಿ ತಪ್ತೀರಿ... ನಾ ಹೇಳಿದ ಕಥಿ ಪಸಂದ ಬರಲಿಲ್ಲೇನು? ಮೂವತ್ತು ಮಂದಿ ನಕ್ರು, ನೀವೊಬ್ಬರೇ ನಗಲಿಲ್ಲ. ಕಿವುಡ ಮುದುಕಿ ಮಾತಿಗಿ ಬೀದರಿನ ಕಲ್ಲೂ ನಗ್ತಾವ್ರಿ!

ಮತ್ತೊಮ್ಮೆ ಹೇಳ್ಲೇನು? ಇದು ಜನಾನಾ, ಹೆಂಗಸರ ಅಂಗಳ. ಗಂಡಸರು ಕಾಲಿಡಬೇಕಂದ್ರ ಹೆಂಗಸರೆಲ್ಲಾ ಮರೀಗಿ ಹೋಗಬೇಕು, ಬಾಗಲಾಗ ನಿಂತಾಕಿ "ಪರ್ದಾ ಆಗ್ಯಾದ!" ಅಂತ ಕೂಗಬೇಕು. ಕೂಗೂತನಾ ಯಾರೂ ಬರಂಗಿಲ್ಲ. ಒಂದಿನ ಕೆಲಸದ ಹುಡುಗಿ ಈ ಬಾವ್ಯಾಗ ಬಿದ್ಲು. ಗಂಡಸರು ಹಗ್ಗ ಹಿಡಕೊಂಡು ಹೊರಗ ತಯಾರ. ಬಾಗಲಾಗಿನ ಮುದುಕಿಗಿ ಕಿವಿ ಇಲ್ಲ. "ಕೂಗು" ಅಂದ್ರ ಪಾನದ ಡಬ್ಬಿ ತಂದುಕೊಟ್ಲು! ಹಹ್ಹ...

ಯಾಕ ಹಾಂಗ ನೋಡ್ತೀರಿ?

...ಮುಕ್ತಾ? ಹೌದ್ರಿ, ಆ ಹುಡುಗಿ ಹೆಸರು ಮುಕ್ತಾ. ಆದ್ರ ಹೆಸರು ನಾ ಯಾವತ್ತೂ ಯಾರಿಗೂ ಹೇಳಿಲ್ಲ. ನಿಮಗ ಹ್ಯಾಂಗ... ಯಾವ ಊರ್ರಿ ನಿಮ್ಮದು? ಹಲಬರ್ಗಾ?

ಯಾ ಅಲ್ಲಾ. ನೀವು ಚಂದ್ರಭಾಗಾ ಬಾಯಿ. ಮುಕ್ತಾನ ಅವ್ವ.

ಕೂಡ್ರಿ, ಈ ಕಟ್ಟಿ ಮ್ಯಾಲ ಕೂಡ್ರಿ... ಬ್ಯಾಡೇನು? ಆತ್ರಿ. ಬಿದ್ದ ಗಳಿಗ್ಯಾಗ ಜೀವ ಹೋತು ಅಂತ ಹವೇಲಿಯವರು ನಿಮಗ ಹೇಳಿದ್ರಲ್ಲ? ಅದೇ ಖರೆ. ಅದನ್ನೇ ಹಿಡಕೊಳ್ರಿ! ಹಗ್ಗ, ಮುದುಕಿ, ಪಾನದ ಡಬ್ಬಿ... ಇವೆಲ್ಲಾ ನಾ ಕಟ್ಟಿದ್ದು. ದೂರದಿಂದ ಬಂದ ಮಂದಿಗಿ ಏನರ ಬೇಕಲ್ರಿ ನಗಲಿಕ್ಕ...

ಬೈರಿ. ಆ ಮುದುಕಿ ಯಾರು ಅಂತರ ಕೇಳ್ರಿ... ಕೇಳಂಗಿಲ್ಲೇನು?

...ಮುದುಕಿ ಇರಲಿಲ್ರಿ. ಬಾಗಲಾಗ ಇದ್ದಾಕಿ ಅಡಗಿಯವಳ ಮಗಳು, ಮುಸರ್ರತ. ಒಂಬತ್ತು ವರ್ಷದಾಕಿ. ನಾನು. ಅದರ ಹಿಂದಿನ ವಾರ, ಹೆಂಗಸರು ಮರೀಗಿ ಹೋಗೂ ಮೊದಲೇ ಕೂಗಿದೆ ಅಂತ ಬೆನ್ನ ಮ್ಯಾಲ ಬಾಸುಂಡಿ ಬರೂಹಂಗ ಹೊಡದಿದ್ರು. ಆವತ್ತು ಹವೇಲಿ ಯಜಮಾನತಿ ಮಹಮೂದಾ ಬೇಗಂ ಸಾಹೇಬರು ಇದೇ ಅಂಗಳದಾಗ ಒಂದು ಕಾಲಿನ ಚಪ್ಪಲಿ ಹುಡುಕ್ಲತ್ತಿದ್ರು. ಅವರು ಚಪ್ಪಲಿ ಮೆಟ್ಟಿ ಒಳಗ ಹೋಗೂತನಾ ನಾ ಬಾಯಿ ತೆರೀಲಿಲ್ಲ.

ಮುಕ್ತಾ ನೀರಾಗಿಂದ ನನ್ನ ಹೆಸರು ಹಿಡದು ಕರದ್ಲು. ಎರಡು ಸಲ.

ಮೂರನೇ ಸಲ ಅರ್ಧ ಹೆಸರೇ ಬಂತು.