ಹದಿನಾರನೇ ನಟ್ಟು

ದೀಪ ಆರಿಸ್ಬೇಡಿ, ಹೇಳ್ತೀನಿ. ನಗೋರು ಈಗಲೇ ನಕ್ಕು ಮುಗಿಸಿ, ನಡುವೆ ಬೇಡ. ಇದು ಅವರಿವರ ಬಾಯಿಂದ ಕೇಳಿದ್ದಲ್ಲ. ನಮ್ಮ ದೊಡ್ಡಪ್ಪನ ಮಗನಿಗೆ ಆಗಿದ್ದು.

ಅವತ್ತು ಅವನು ಕೊನೇ ಬಸ್ಸಿಳಿದು ನಡ್ಕೊಂಡು ಬರ್ತಿದ್ದ. ಹಾಳುಬಾವಿ ದಾಟಿದ್ರೆ ಅವನ ಷೆಡ್ಡು, ಷೆಡ್ಡಿನ ಹಿಂದೆ ಮನೆ. ಬಾವಿ ಹತ್ರ ಬಂದಾಗ ಕೇಳಿಸ್ತು... ಟಿಣ್. ಕಬ್ಬಿಣದ ಮೇಲೆ ಕಬ್ಬಿಣ. ಸ್ವಲ್ಪ ಬಿಟ್ಟು ಮತ್ತೆ... ಟಿಣ್. ಅವಸರವಿಲ್ಲ, ಯಾರೋ ಎಣಿಸಿಕೊಂಡು ತಟ್ಟೋ ಹಾಗೆ. ಐದು ಸಲ ಆಗಿ ನಿಂತಿತು. ನಾಲ್ಕು ಹೆಜ್ಜೆ ನಡೆಯೋಷ್ಟು ಹೊತ್ತು ಏನೂ ಇಲ್ಲ. ಮತ್ತೆ ಐದು. ಮತ್ತೆ ಐದು. ಬಾವಿ ಕಟ್ಟೆ ಹಿಡ್ಕೊಂಡು ಹದಿನಾರನೇದಕ್ಕೆ ಕಾದ... ಬರಲಿಲ್ಲ.

ಕಳ್ಳ ಅನ್ನಿಸಿದ್ರೆ ಊರು ಒಂದು ಮಾಡೋ ಹಾಗೆ ಕೂಗ್ತಿದ್ದ. ಕೂಗಲಿಲ್ಲ. ಅದೇನು ಅಂತ ಅವನಿಗೆ ಗೊತ್ತಿತ್ತು.

ನಿಮಗೂ ಗೊತ್ತಾಗ್ಬೇಕಾದ್ರೆ ಮೂರು ವರ್ಷ ಹಿಂದಕ್ಕೆ ಹೋಗ್ಬೇಕು. ಇವನನ್ನ ನಾವು ಬೋಲ್ಟಣ್ಣ ಅಂತಿದ್ವಿ. ಯಾವ ಗಾಡಿ ಬಿಚ್ಚಿ ಜೋಡಿಸಿದ್ರೂ ಕೊನೆಗೊಂದು ಬೋಲ್ಟು ಇವನ ಜೇಬಲ್ಲಿ ಉಳೀತಿತ್ತು. ಕೇಳಿದ್ರೆ, ‘ಕಂಪನಿಯವರು ಜಾಸ್ತಿ ಹಾಕಿದಾರೆ’ ಅಂತಿದ್ದ. ಇವನ ಅಕ್ಕನ ಗಂಡ, ನಮ್ಮ ಭಾವ, ಇದಕ್ಕೆ ತದ್ವಿರುದ್ಧ. ಒಂದು ವಾಷರ್ ಕಾಣದಿದ್ರೆ ಊಟಕ್ಕೆ ಏಳೋ ಮನುಷ್ಯನಲ್ಲ. ಇಬ್ಬರೂ ಸೇರಿ ಒಂದು ಹಳೇ ಜೀಪ್ ತಗೊಂಡಿದ್ರು. ನನಗಿಂತ ವಯಸ್ಸಾದದ್ದು. ಅದನ್ನ ಎತ್ತರಿಸಿದ್ದೇನು, ಗೇರು ಬದಲಾಯಿಸಿದ್ದೇನು... ಭಾನುವಾರ ಬಂದ್ರೆ ಇಬ್ಬರ ಕಾಲು ಮಾತ್ರ ಹೊರಗೆ ಕಾಣ್ತಿತ್ತು. ಅಕ್ಕ ಆ ಜೀಪನ್ನ ‘ನನ್ನ ಸವತಿ’ ಅಂತಲೇ ಕರೀತಿದ್ಲು.

ಭಾವನದೊಂದು ನೇಮ. ಒಂದೊಂದು ಚಕ್ರಕ್ಕೆ ಐದು ನಟ್ಟು. ಬಿಗಿ ಮಾಡಿದವನು ಸ್ಪ್ಯಾನರಿಂದ ಒಂದೊಂದನ್ನೂ ತಟ್ಟಬೇಕು. ಬಿಗಿ ಇದ್ರೆ ಟಿಣ್. ಸಡಿಲ ಇದ್ರೆ ಟೊಕ್... ಒಡಕು ಮಡಕೆ ಥರ. ನಾಲ್ಕು ಚಕ್ರಕ್ಕೆ ಇಪ್ಪತ್ತು ತಟ್ಟು. ಭಾವ ಏನು ಮಾಡ್ತಿದ್ರೂ ಒಂದು ಕಿವಿ ಇಲ್ಲಿಟ್ಟು ಎಣಿಸ್ತಿದ್ರು.

ಅವತ್ತು ಗುಡ್ಡ ಹತ್ತೋಕೆ ಅಂತ ಹೊಸ ದಪ್ಪ ಟೈರು ಹಾಕ್ತಿದ್ರು. ಮೂರು ಚಕ್ರ ಆಯ್ತು, ಹದಿನೈದು ತಟ್ಟೂ ಆಯ್ತು. ಹಿಂದಿನ ಎಡಗಡೆ ಚಕ್ರಕ್ಕೆ ಬೋಲ್ಟಣ್ಣ ಬೆರಳಲ್ಲೇ ನಟ್ಟು ತಿರುಗಿಸಿ ಕೂರಿಸಿದಾನೆ, ಅಷ್ಟರಲ್ಲಿ ಫೋನ್ ಬಂತು. ಫೋನ್ ಮಾಡಿದ್ದು... ನಾನೇ. ಕೆಲಸ ಏನೂ ಇರಲಿಲ್ಲ, ಸುಮ್ನೆ ಹರಟೆಗೆ. ಮಾತಾಡ್ತಾ ಮಾತಾಡ್ತಾ ಜಾಕ್ ಇಳಿಸಿದ, ಸಾಮಾನೆಲ್ಲ ಪೆಟ್ಟಿಗೆಗೆ ಹಾಕಿದ. ಭಾವ ಕೈ ತೊಳ್ಕೊಂಡು ಬಂದ್ರು.

‘ಏನೋ, ಹದಿನೈದೇ ಕೇಳಿಸ್ತು?’

‘ನಲ್ಲಿ ಸದ್ದಲ್ಲಿ ನಿಮಗೆ ಕೇಳಿಸಿಲ್ಲ ಭಾವ. ತಟ್ಟಿದೆ, ನಡೀರಿ.’

ಬಿಗಿ ಮಾಡಿದೀನಿ ಅಂತಲೇ ಅವನು ನಂಬಿದ್ದ. ತಟ್ಟಿಲ್ಲ ಅನ್ನೋದು ಮಾತ್ರ ಚೆನ್ನಾಗಿ ಗೊತ್ತಿತ್ತು. ಪೆಟ್ಟಿಗೆ ಮತ್ತೆ ತೆಗೀಬೇಕಲ್ಲ ಅನ್ನೋ ಸೋಮಾರಿತನ, ಅಷ್ಟೇ. ಫೋನ್ ಇನ್ನೂ ಇಟ್ಟಿರಲಿಲ್ಲ, ಅವರ ಮಾತು ನನಗೂ ಕೇಳಿಸ್ತು; ತಟ್ಟು ಮಾತ್ರ ಒಂದೂ ಕೇಳಿಸಿರಲಿಲ್ಲ. ನಾನೂ ಸುಮ್ಮನಿದ್ದೆ.

ಗಾಡಿ ಹೇಗೆ ಓಡುತ್ತೆ ನೋಡ್ತೀನಿ ಅಂತ ಭಾವ ಒಬ್ಬರೇ ಗುಡ್ಡದ ಕಡೆ ಹೋದ್ರು. ಇಳಿಜಾರಲ್ಲಿ ಚಕ್ರ ಕಳಚಿತು. ಭಾವ ವಾಪಸ್ ಬರಲಿಲ್ಲ.

ಚಕ್ರ ಹೇಗಪ್ಪಾ ಕಳಚಿತು ಅಂತ ಎಲ್ಲರೂ ಕೇಳಿದ್ದು ಇವನನ್ನೇ. ‘ಭಾವ ಸ್ಪೀಡಾಗಿ ಹೋಗಿ ಬಂಡೆಗೆ ಹೊಡೆದಿದಾರೆ’ ಅಂದುಬಿಟ್ಟ. ಸತ್ತವರ ತಲೆಗೆ ಕಟ್ಟೋದು ಸುಲಭ ನೋಡಿ, ಎದ್ದು ಬಂದು ಅಲ್ಲ ಅನ್ನಲ್ಲ... ಅಂದ್ಕೋತೀವಿ. ಅಕ್ಕ ನಂಬಿದ್ಲು. ಅತ್ತಿದ್ದಕ್ಕಿಂತ ಬೈದಿದ್ದೇ ಹೆಚ್ಚು. ‘ಮನೇಲಿ ಹೆಂಡತಿ ಇದಾಳೆ ಅಂತ ಆ ಮನುಷ್ಯನಿಗೆ ನೆನಪಾಗಲಿಲ್ಲ’ ಅಂತ ಭಾವನ ಫೋಟೋನ ಬೀರುವಿನಲ್ಲಿ ಬಟ್ಟೆ ಕೆಳಗೆ ತುರುಕಿದ್ಲು. ಇವನು ಎದುರಿಗೇ ನಿಂತಿದ್ದ.

ಜೀಪ್ ಷೆಡ್ಡಿಗೆ ಬಂತು. ರಿಪೇರಿ ಮಾಡ್ತೀನಿ ಅಂತ ಉಳಿದ ಮೂರು ಚಕ್ರಾನೂ ತೆಗೆದು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದ. ಆಮೇಲೆ ಮುಟ್ಟೋಕೆ ಕೈ ಬರಲಿಲ್ಲ, ಮೂರು ವರ್ಷ ಹಾಗೇ ನಿಂತಿತ್ತು. ಕೊನೆಗೆ ಗುಜರಿಯವನ ಹತ್ರ ಮಾತಾಡಿ ಬಂದ. ಆ ರಾತ್ರೀನೇ ಬಾವಿ ಹತ್ರ ಸದ್ದು ಕೇಳಿಸಿದ್ದು. ಈಗ ಅರ್ಥ ಆಯ್ತಾ? ಆ ಗಾಡಿಗೆ ಚಕ್ರವೇ ಇರಲಿಲ್ಲ. ನಟ್ಟೂ ಇರಲಿಲ್ಲ.

ಮೂರು ರಾತ್ರಿ ತಡ್ಕೊಂಡ. ಹದಿನೈದು ತಟ್ಟು... ಆಮೇಲೆ ಮೌನ. ತಟ್ಟಿದ್ದಕ್ಕಿಂತ ಆ ಮೌನಕ್ಕೇ ಅವನು ಹೆದರಿದ್ದು. ನಿನ್ನ ಸರದಿ ಅಂತ ಯಾರೋ ಕಾಯೋ ಹಾಗಿತ್ತಂತೆ. ನಾಲ್ಕನೇ ರಾತ್ರಿ ಟಾರ್ಚ್ ಹಿಡ್ಕೊಂಡು ಷೆಡ್ಡಿನ ಬಾಗಿಲು ಸರಿಸಿದ. ಕಿರ್ರ್... ಒಳಗೆ ಯಾರೂ ಇಲ್ಲ. ಹಿಂದಿನ ಎಡಗಡೆ, ಚಕ್ರ ಇರಬೇಕಾದ ಜಾಗದಲ್ಲಿ, ನೆಲದ ಮೇಲೆ ಅದೇ ನಟ್ಟು ತಟ್ಟೋ ಸ್ಪ್ಯಾನರ್. ಮೂರು ವರ್ಷದಿಂದ ಅದು ಪೆಟ್ಟಿಗೆ ಬಿಟ್ಟು ಹೊರಗೆ ಬಂದಿರಲಿಲ್ಲ.

‘ಭಾವ...’ ಅಂದ.

ಕಿವಿ ಪಕ್ಕದಲ್ಲೇ, ಮೆಲ್ಲಗೆ, ‘ಏನೋ... ಹದಿನೈದೇ ಕೇಳಿಸ್ತು?’

ಬಿದ್ದಂಬೀಳ ಓಡಿದ. ಬೆಳಕು ಹರಿಯೋವರೆಗೂ ಬಸ್ ಸ್ಟಾಂಡಲ್ಲಿ ಕೂತಿದ್ದು ಅಕ್ಕನ ಮನೆಗೆ ಹೋದ. ಅಕ್ಕ ಆಗಲೇ ಗೇಟಿನ ಹತ್ರ ನಿಂತಿದ್ಲು.

‘ರಾತ್ರಿ ಗೇಟು ತಟ್ಟಿದ್ದು ನೀನೇನೋ? ಕಬ್ಬಿಣದಲ್ಲಿ ತಟ್ಟಿದ ಹಾಗೆ, ಐದು ಸಲ. ಎದ್ದು ಬಂದ್ರೆ ಯಾರೂ ಇಲ್ಲ. ಜೀವ ಬಾಯಿಗೆ ಬಂದಿತ್ತು ನನಗೆ. ನೀನೇ ತಾನೆ?’

ಹೂಂ ಅಂದಿದ್ರೆ ಮುಗೀತಿತ್ತು. ಎರಡು ಮಾತು ಬೈದು ಕಾಫಿ ಕೊಡ್ತಿದ್ಲು. ಹೂಂ ಅನ್ನೋಕೇ ಅವನು ಬಾಯಿ ತೆರೆದಿದ್ದಂತೆ.

‘ಇಲ್ಲಕ್ಕ. ನಾನು ತಟ್ಟಲಿಲ್ಲ... ಅವತ್ತೂ ತಟ್ಟಲಿಲ್ಲ.’

ಅಲ್ಲೇ ನಿಂತು ಎಲ್ಲಾ ಹೇಳಿದ. ಅಕ್ಕ ಕಿರುಚಲಿಲ್ಲ, ಹೊಡೀಲಿಲ್ಲ. ‘ಮೂರು ವರ್ಷ ಅವರನ್ನ ಬೈದೆನಲ್ಲೋ...’ ಅಂದ್ಲು, ಅಷ್ಟೇ. ಒಳಗೆ ಹೋದ್ಲು. ಬೀರು ತೆಗೆದ ಸದ್ದು ಕೇಳಿಸ್ತಂತೆ. ಇವನಿಗೆ ಒಳಗೆ ಬಾ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ.

ಆಮೇಲೆ ಷೆಡ್ಡಲ್ಲಿ ಸದ್ದಿಲ್ಲ. ಭಾವನ ಫೋಟೋ ಈಗ ನಡುಮನೆ ಗೋಡೆ ಮೇಲಿದೆ. ನಾನು ಹೋಗ್ತಾ ಇರ್ತೀನಿ. ನನ್ನನ್ನ ಒಳಗೆ ಕರೀತಾಳೆ, ಅದರ ಕೆಳಗೇ ಕೂರಿಸಿ ಊಟ ಹಾಕ್ತಾಳೆ. ಫೋನ್ ಮಾಡಿದ್ದು ಯಾರು ಅಂತ ಬೋಲ್ಟಣ್ಣ ಹೇಳಿಲ್ಲ. ನಾನೂ ಹೇಳಿಲ್ಲ.

ಕಟ್ಟುಕತೆ ಆಗಿದ್ರೆ ನನ್ನ ಮುಖಕ್ಕೆ ನಾನೇ ಯಾಕೆ ಮಸಿ ಬಳ್ಕೋತಿದ್ದೆ ಹೇಳಿ. ಅಕ್ಕನ ಗೇಟಿನ ಮೇಲೆ ಐದು ತಗ್ಗು ಇವೆ, ಬೆರಳಿಟ್ಟು ನೋಡಿದೀನಿ. ಹೋದ ವಾರದಿಂದ ನಮ್ಮನೆ ಗೇಟಿನ ಮೇಲೂ ಒಂದಿದೆ. ಚಿಲಕದ ಕೆಳಗೆ. ಬೆಳಗಾಗಲಿ, ತೋರಿಸ್ತೀನಿ.