ಮೇಷ್ಟ್ರ ಹೆಸರಲ್ಲಿ ಮುಚ್ಚಿದ್ದು

ಕಟ್ಟಿ ಹೇಳೋ ಮಾತಲ್ಲ ಇದು. ನನ್ನ ತಂಗಿಯ ಮೊಮ್ಮಗಳಿಗೇ ಆದದ್ದು. ಹತ್ತಿರ ಬನ್ನಿ... ಜೋರಾಗಿ ಹೇಳೋಕೆ ನನಗೇ ಮನಸ್ಸಿಲ್ಲ.

ಅವಳಿಗೆ ಸರ್ಕಾರಿ ಕಚೇರಿಯಲ್ಲಿ ಕಾವಲು ಕೆಲಸ. ಕೋಲು ಹಿಡಿಯೋ ಕಾವಲಲ್ಲ. ಈಗಿನ ಕಳ್ಳರು ಗೋಡೆಗೆ ಕನ್ನ ಕೊರೆಯೋದಿಲ್ಲವಲ್ಲ, ತಂತಿಯೊಳಗೆ ನುಸೀತಾರೆ. ಸರ್ಕಾರದ ಯಾವ ಕಂಪ್ಯೂಟರಿನಲ್ಲಿ ಏನು ಅಲುಗಿದರೂ ಇವಳ ಕೋಣೆಯಲ್ಲಿ ‘ಟಿಣ್’ ಅನ್ನುತ್ತೆ. ಯಾಕೆ ಅಂದಿತು ಅಂತ ನೋಡಬೇಕು. ನೋಡಿದವರು ತಮ್ಮ ಹೆಸರಲ್ಲಿ ಆ ಎಚ್ಚರಿಕೆಯನ್ನ ಮುಚ್ಚಬೇಕು.

ಆವತ್ತು ಪಾಳಿ ಮುಗಿಸಿ, ಕಚೇರಿ ಹಿಂದಿನ ಹಾಳುಬಾವಿ ದಾಟಿ ಮನೆಗೆ ನಡೀತಿದ್ದಳು. ಬಾವಿಗೆ ಕಬ್ಬಿಣದ ಮುಚ್ಚಳ. ಒಂದೆಲೆ ಅಲುಗೋ ಗಾಳಿ ಇಲ್ಲ. ಆದರೂ ಮುಚ್ಚಳದ ಕೆಳಗೆ... ಟಕ್. ಟಕ್. ಟಕ್. ಕೀಬೋರ್ಡಿನ ಗುಂಡಿ ಒತ್ತಿದ ಹಾಗೆ. ಅಷ್ಟರಲ್ಲಿ ಫೋನು.

“ವಾಪಸ್ ಬಾ ತಾಯಿ.” ಪಿಸುದನಿ. ರಾತ್ರಿ ಪಾಳಿಯವನದು, ಗೂಬೆ ಅಂತಲೇ ಅವನನ್ನ ಕರೆಯೋದು. “ಆಸ್ಪತ್ರೆಯ ಎಚ್ಚರಿಕೆ... ನೀನು ಮುಚ್ಚಿ ಹೋದ್ಯಲ್ಲ, ಅದು ತೆರ್ಕೊಂಡಿದೆ.”

“ನೀವೇ ಮುಚ್ಚಿ ಅಣ್ಣ.”

“ಮುಚ್ಚಿದೆ. ಮತ್ತೆ ತೆರ್ಕೊಳ್ತು... ತೆರೆದವರ ಹೆಸರು ಅಂತ ಮೇಷ್ಟ್ರದ್ದೇ ಬರ್ತಿದೆ.”

ಅವಳು ಬಂದ ದಾರಿಗೇ ತಿರುಗಿದಳು.

ಮೇಷ್ಟ್ರು ಅಂದರೆ ಆ ಕೋಣೆಯ ಹಿರಿಯ ಇಂಜಿನಿಯರು. ಹೊಸಬರಿಗೆಲ್ಲ ಕೆಲಸ ಕಲಿಸಿದವರು, ಅದಕ್ಕೇ ಆ ಹೆಸರು. ಹೋದ ವರ್ಷ ಕೂತ ಕುರ್ಚಿಯಲ್ಲೇ ಪ್ರಾಣ ಬಿಟ್ಟರು. ಅವರನ್ನ ಮಣ್ಣು ಮಾಡಿ ಬಂದವರು ಅವರ ಲಾಗಿನ್ ಮಾತ್ರ ಉಳಿಸಿಕೊಂಡರು. ಯಾಕೆ ಗೊತ್ತೇ? ನೋಡೋಕೆ ಬೇಜಾರಾದದ್ದನ್ನೆಲ್ಲ ಅವರ ಹೆಸರಲ್ಲಿ ಮುಚ್ಚೋಕೆ. ನಾಳೆ ಹೆಚ್ಚುಕಮ್ಮಿ ಆದರೆ ಸತ್ತವರನ್ನ ಯಾರು ಕೇಳ್ತಾರೆ? ಥೂ... ಹೆಣದ ಹೆಬ್ಬೆಟ್ಟು ಒತ್ತಿಸಿಕೊಂಡು ಸಂಬಳ ತಿನ್ನೋ ಬಾಳು.

ಆವತ್ತು ಪಾಳಿ ಬದಲಾಗೋ ಹೊತ್ತಿಗೆ ಆಸ್ಪತ್ರೆಯ ಎಚ್ಚರಿಕೆ ಬಂದಾಗ, ಅದನ್ನ ಹಾಗೆ ಮುಚ್ಚೋಕೆ ಇವಳು ಮೊದಲು ಒಪ್ಪಿರಲಿಲ್ಲ. ಗೂಬೆ ನಕ್ಕಿದ್ದ. “ನಿನ್ನ ಹೆಸರಲ್ಲಿ ಆಸ್ಪತ್ರೆಯವರನ್ನ ಎಬ್ಬಿಸ್ತೀಯ, ಅದು ಸುಳ್ಳಾಗುತ್ತೆ, ಕೆಲಸ ಖಾಯಂ ಆಗೋ ಮುಂಚೆನೇ ಗಂಟುಮೂಟೆ ಕಟ್ತೀಯ. ಒತ್ತು, ಮೇಷ್ಟ್ರೇನು ಎದ್ದು ಬಂದು ಬೈತಾರಾ?” ಮನೆಗೆ ಹೋಗೋ ಅವಸರ ಬೇರೆ. ತೋರುಬೆರಳಲ್ಲಿ ಒಂದೇ ಒಂದು ಸಲ ಒತ್ತಿದ್ದಳು.

ಈಗ ಓಡಿದಳು. ಕೋಣೆಗೆ ಕಾಲಿಟ್ಟರೆ ನಾತ... ಒದ್ದೆ ಬಟ್ಟೆ ಪೆಟ್ಟಿಗೆಯೊಳಗೇ ಕೊಳೆತ ನಾತ. ಗೂಬೆ ಗೋಡೆಗೆ ಅಂಟಿಕೊಂಡು ನಿಂತಿದ್ದ. ಮೇಷ್ಟ್ರ ಕುರ್ಚಿ ಖಾಲಿ. ಎದುರಿನ ಕೀಬೋರ್ಡಿನ ಗುಂಡಿಗಳು ಮಾತ್ರ ತಗ್ಗುತ್ತಿವೆ, ಏಳುತ್ತಿವೆ. ಟಕ್... ಟಕ್... ಎದ್ದ ಗುಂಡಿಯ ಜೊತೆಗೇ ಹಳದಿ ಜಿಡ್ಡು, ಗೋಂದಿನ ಹಾಗೆ ಎಳೆ ಎಳೆಯಾಗಿ.

ಟಿಣ್. ಮತ್ತೆ ಆಸ್ಪತ್ರೆ.

“ಇನ್ನೊಂದು ಸಲ ಮುಚ್ಚಿ ನೋಡು,” ಅಂದ ಗೂಬೆ.

“ನೀವು ಮನುಷ್ಯರಾ ಅಣ್ಣ?”

ತನ್ನ ಮೇಜಿಗೆ ಹೋದಳು. ತನ್ನ ಹೆಸರಲ್ಲೇ ಎಚ್ಚರಿಕೆಯನ್ನ ಮೇಲಿನವರಿಗೆ ಕಳಿಸಿದಳು. ಆಸ್ಪತ್ರೆಗೆ ಫೋನು ಮಾಡಿ ಹೊರಗಿನ ಸಂಪರ್ಕವನ್ನೆಲ್ಲ ಕಡಿಸಿದಳು. ಕಳ್ಳರು ಆಸ್ಪತ್ರೆಯ ತಂತಿಯೊಳಗೇ ಇದ್ದರಂತೆ. ಆಪರೇಷನ್ ಕೋಣೆಯ ಕಂಪ್ಯೂಟರುಗಳಿಗೆ ಬೀಗ ಜಡಿಯೋದೊಂದು ಬಾಕಿ ಇತ್ತಂತೆ.

ಆಮೇಲೆ ಗುಂಡಿಯ ಸದ್ದು ನಿಂತಿತು.

ಬೆಳಗ್ಗೆ ಸಾಹೇಬರು ಬಂದರು. “ಜಾಣೆ ಕಣಮ್ಮ. ಮೊದಲು ಮುಚ್ಚಿದ್ದು ಮಾತ್ರ ಮೇಷ್ಟ್ರ ತಲೆ ಮೇಲೇ ಇರಲಿ.”

“ಮುಚ್ಚಿದ್ದು ನಾನು ಸಾರ್,” ಅಂದಳು, ಎಲ್ಲರ ಎದುರಿಗೆ.

ಆ ಲಾಗಿನ್ ತೆಗೆಸಿದರು. ಇವಳ ಕೆಲಸ ಖಾಯಂ ಆಗೋದು ಮುಂದಕ್ಕೆ ಹೋಯಿತು. ಹೋಗಲಿ ಬಿಡಿ.

ಆದರೆ ಆ ತೋರುಬೆರಳು... ಎಷ್ಟು ತಿಕ್ಕಿ ತೊಳೆದರೂ ನಾತ ಹೋಗಿಲ್ಲ. ಉಳಿದ ಬೆರಳಿಗೆ ಏನೂ ಇಲ್ಲ. ನಾನೇ ಮೂಸಿ ನೋಡಿದೀನಿ, ನನ್ನ ಮೂಗಿಗೆ ಸುಳ್ಳು ಹೇಳಿ ಆಗಬೇಕಾದ್ದೇನಿದೆ?

ಗೂಬೆ ಈಗಲೂ ಅಲ್ಲೇ ಕೆಲಸಕ್ಕಿದ್ದಾನೆ. ಸುಡುಬೇಸಿಗೆಯಲ್ಲೂ ಎರಡೂ ಕೈಗೆ ಕೈಗವಸು ಹಾಕಿಕೊಂಡೇ ಬರ್ತಾನೆ.