ಫೋಟೋದ ಅಂಚಿನವಳು

ತೆಂಗಿನ ಹಸಿ ಮಡಲಿನಿಂದ ಗರಿ ಒಂದೊಂದನ್ನೇ ಎಳೆದು, ಚೂರಿಯ ತುದಿಯನ್ನು ನಡುವಿಗೆ ತಾಗಿಸಿ ಸರ್ರೆಂದು ಸೀಳಿದರೆ ಕಡ್ಡಿ ಕೈಯಲ್ಲಿ ಉಳಿಯುತ್ತದೆ, ಎಲೆ ಮಡಿಲಿಗೆ ಬೀಳುತ್ತದೆ. ಅಂಗಳ ಗುಡಿಸುವ ಒಂದು ಹಿಡಿಸೂಡಿಗೆ ಅಂಥ ಕಡ್ಡಿ ರಾಶಿ ಬೇಕು. ಎರ್ಮಾಳಿನ ಆ ಮನೆಯ ಚಾವಡಿಯಲ್ಲಿ ನಾಲ್ವರು ಹೆಂಗಸರು ಅದೇ ಕೆಲಸ ಮಾಡುತ್ತಿದ್ದರು. ತುಳುವರ ಆಟಿ ತಿಂಗಳು, ನಡು ಮಳೆಗಾಲ. ಮಧ್ಯಾಹ್ನವೇ ಕರೆಂಟು ಹೋಗಿತ್ತು. ದೋಣಿಗಳೆಲ್ಲ ದಡಕ್ಕೆ ಬಂದು ಮಲಗಿದ್ದವು, ಕಡಲು ಮಾತ್ರ ರಸ್ತೆಯ ಆಚೆ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

ದೊಡ್ಡಮ್ಮನ ಮನೆಯಲ್ಲೇ ಇರುವ ಕಾವ್ಯ ಕಂಬದ ಮರೆಯಲ್ಲಿ ಕುಳಿತಿದ್ದಳು. ಅವಳ ಚೂರಿ ಎಲ್ಲರದಕ್ಕಿಂತ ವೇಗವಾಗಿ ಓಡುತ್ತಿತ್ತು. ಎದುರಿನ ತೂಗುಮಂಚದಲ್ಲಿ ದೊಡ್ಡಮ್ಮನ ಮಗಳು ನವ್ಯಶ್ರೀ. ಅವಳಿಗೆ ಚೂರಿ ಕೊಟ್ಟಿರಲಿಲ್ಲ. ಆಟಿ ಕಳೆದು ಸೋಣ ತಿಂಗಳಲ್ಲಿ ಮದುವೆ, ಮದುಮಗಳ ಕೈಗೆ ಗೀರು ಬೀಳಬಾರದು ಎಂದು ಅವಳ ತಾಯಿ ಗುಲಾಬಿ ಹೇಳಿದ್ದಳು. ಆ ಗೀರಿಲ್ಲದ ಕೈಗಳಲ್ಲಿ ಒಂದು ಹಳೆಯ ಕಪ್ಪು ಕ್ಯಾಮೆರಾ ಇತ್ತು.

ಕ್ಯಾಮೆರಾ ಮದುಮಗ ಲಕ್ಷಿತನ ಮನೆಯದು. ಕಾರ್ಕಳದ ಗೇರುಬೀಜದ ಫ್ಯಾಕ್ಟರಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗುವ ವ್ಯಾನು ಅವನದು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಕಾವ್ಯ ಆ ವ್ಯಾನಿನಲ್ಲಿ ಹೋಗಿಬರುವವಳು. ಅವಳು ಓಡಿ ಬರುವುದು ಕಂಡರೆ ಅವನು ಕಾಯುತ್ತಿದ್ದ. ಮುಂದಿನ ಸೀಟಿನಲ್ಲಿ ಬೇರೆ ಯಾರಾದರೂ ಕುಳಿತರೆ "ಅದು ಕಾವ್ಯನ ಜಾಗ" ಎಂದು ಏಳಿಸುತ್ತಿದ್ದ. ಅವನ ಮನೆಯವರು ಹೆಣ್ಣು ಕೇಳಲು ಬರುತ್ತಾರೆಂದು ಗೊತ್ತಾದ ದಿನ ಕಾವ್ಯ ಬೆಳಿಗ್ಗೆಯೇ ತಲೆಗೆ ಮಿಂದಿದ್ದಳು. ಚಹಾ ಕುದಿಸಿದ್ದೂ ಅವಳೇ. ಆದರೆ ಗುಲಾಬಿ ದೊಡ್ಡಮ್ಮ ಬಂದು ತಟ್ಟೆಯನ್ನು ಎತ್ತಿ, ಡಿಗ್ರಿ ಮುಗಿಸಿದ ನವ್ಯಶ್ರೀಯ ಕೈಗೆ ಕೊಟ್ಟಳು. ಲಕ್ಷಿತ ಆ ಚಹಾ ಕುಡಿದು ಚೆನ್ನಾಗಿದೆ ಎಂದ. ಆಮೇಲೆ ಲೋಟ ತೊಳೆದವಳು ಕಾವ್ಯ. ಯಾರಿಗೂ ಏನೂ ಹೇಳಲಿಲ್ಲ. ಹೇಳುವುದಕ್ಕೆ ಅವಳ ಬಳಿ ಒಂದು ಸೀಟು ಬಿಟ್ಟರೆ ಬೇರೇನಿತ್ತು?

"ರೀಲು ಸಿಕ್ಕಿತು ಗೊತ್ತುಂಟಾ?" ನವ್ಯಶ್ರೀ ಕ್ಯಾಮೆರಾ ಎತ್ತಿ ತೋರಿಸಿದಳು. "ಮಣಿಪಾಲದ ಕಾಲೇಜಿನ ಮಕ್ಕಳಿಗೆ ಈಗ ಪುನಃ ಇದರ ಮರ್ಲು ಹಿಡಿದಿದೆಯಂತೆ. ಲಕ್ಷಿತ್ ಅಲ್ಲಿಂದಲೇ ತಂದುಕೊಟ್ಟದ್ದು. ಅಮ್ಮ, ಅಜ್ಜಿ, ಎಲ್ಲರೂ ತಲೆ ಎತ್ತಿ ನೋಡುವ."

ಗುಲಾಬಿಯ ಚಿಕ್ಕಮ್ಮ ಬೇಬಿ ಅಜ್ಜಿ ತಲೆ ಎತ್ತಲಿಲ್ಲ. ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಅದನ್ನು ಕೆಳಗಿಡು ಮಗಾ."

"ಅಜ್ಜಿಗೆ ನಾಚಿಕೆ" ಎಂದು ನವ್ಯಶ್ರೀ ನಕ್ಕಳು.

"ನಾಚಿಕೆ ನನಗೆ ಈ ಹಲ್ಲಿಲ್ಲದ ಬಾಯಿಯಲ್ಲಿ ಎಂತಕ್ಕೆ? ಆ ಕ್ಯಾಮೆರಾ ನನಗೆ ನಿನಗಿಂತ ಮೊದಲು ಗೊತ್ತುಂಟು. ನಿನ್ನ ಮಾವನಾಗುವ ಯಶ್ವಂತನ ಮದುವೆಗೆ ಬಡಿಸಿದವಳು ನಾನು."

"ಚಿಕ್ಕಮ್ಮ, ಬೇಡ" ಎಂದಳು ಗುಲಾಬಿ. "ನಾಳೆ ಬೀಗರಾಗುವವರು."

"ಅದಕ್ಕೇ ಇವತ್ತು ಹೇಳುವುದು." ಅಜ್ಜಿ ಚೂರಿಯನ್ನು ಪಕ್ಕಕ್ಕಿಟ್ಟಳು. ಹಿಂದಿನ ಬಾಡಿಗೆ ಕೋಣೆಯ ಶರಣಮ್ಮನ ಕಡೆ ತಿರುಗಿದಳು. ಶರಣಮ್ಮ ರಾಯಚೂರಿನ ಕಡೆಯವಳು, ಗಾರೆ ಕೆಲಸಕ್ಕೆ ಹೋಗುವವಳು, ಮಳೆಗೆ ಕೆಲಸ ನಿಂತು ಇವರ ಜೊತೆ ಕಡ್ಡಿ ಸೀಳಲು ಬಂದಿದ್ದಳು. "ಇವಳಿಗೆ ತುಳು ಬರುವುದಿಲ್ಲ, ಕನ್ನಡದಲ್ಲಿಯೇ ಹೇಳ್ತೇನೆ. ಕೇಳಿ. ನಡುವೆ ಯಾರೂ ಏಳಬಾರದು.

"ಯಶ್ವಂತ ಆಗ ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ. ರಜೆಗೆ ಕಾಪುವಿಗೆ ಬರುವಾಗ ಈ ಕ್ಯಾಮೆರಾ ತಂದ. ನಾವೆಲ್ಲ ನೋಡಲಿಕ್ಕೆ ಹೋದದ್ದು. ಎಂತದೂ ತಿರುಗಿಸಲಿಕ್ಕಿಲ್ಲ, ಅಳೆಯಲಿಕ್ಕಿಲ್ಲ, ಕಿಂಡಿಯಲ್ಲಿ ಕಣ್ಣಿಡುವುದು, ಗುಂಡಿ ಒತ್ತುವುದು, ಅದು ಜುಯ್ಯ್ ಅಂತ ರೀಲನ್ನು ತಾನೇ ಸುತ್ತಿಕೊಳ್ಳುತ್ತದೆ. ಮಕ್ಕಳೂ ತೆಗೆಯಬಹುದು, ಕುರುಡರೂ ತೆಗೆಯಬಹುದು... ಯಾರು ಬೇಕಾದರೂ ತೆಗೆಯಬಹುದು. ಕಷ್ಟ ಇರುವುದೇ ಅಲ್ಲಿ.

"ನಮ್ಮ ಪಕ್ಕದ ಮನೆಯ ಚಂದುವಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಹರಿಣಾಕ್ಷಿ. ಅವಳ ನಗು ಗದ್ದೆಯ ಆಚೆಗೆ ಕೇಳುತ್ತಿತ್ತು, ಹೊಟ್ಟೆಕಿಚ್ಚು ಅದಕ್ಕಿಂತ ಆಚೆಗೆ. ತಂಗಿಯ ಬಟ್ಟಲಿಗೆ ಮೀನಿನ ತಲೆ ಬಿದ್ದರೆ ಊಟ ಬಿಟ್ಟು ಏಳುವವಳು. ಸಣ್ಣವಳು ನಳಿನಾಕ್ಷಿ. ಪಾಪ, ಅವಳಿಗೆ ಬಾಯಿಯೇ ಇಲ್ಲ, ಮನೆಯಲ್ಲಿ ಇದ್ದಾಳಾ ಇಲ್ಲವಾ ಅಂತ ಕರೆದು ನೋಡಬೇಕು. ಯಶ್ವಂತನಿಗೆ ಮದುವೆಯ ಮಾತಾದದ್ದು ದೊಡ್ಡವಳ ಜೊತೆ. ಅವನು ಈ ಕ್ಯಾಮೆರಾ ಹಿಡಿದುಕೊಂಡು ಬರುವುದು, 'ಹರಿಣಾ, ಈ ಕಡೆ ನೋಡು' ಅನ್ನುವುದು, ಇವಳು ತಿರುಗುವುದು. ಬಾವಿಯಿಂದ ನೀರು ಸೇದುತ್ತಿರಲಿ, ಅಪ್ಪನ ಹತ್ತಿರ ಬೈಸಿಕೊಳ್ಳುತ್ತಿರಲಿ, ಆ ಒಂದು ಮಾತು ಕೇಳಿದರೆ ಅವಳ ಕುತ್ತಿಗೆ ಹಗ್ಗ ಕಟ್ಟಿ ಎಳೆದ ಹಾಗೆ ತಿರುಗಿಯೇ ತಿರುಗುತ್ತಿತ್ತು.

"ಆ ಮಳೆಗಾಲದಲ್ಲಿ ಹರಿಣನಿಗೆ ಜ್ವರ ಬಂತು. ಹೋಗಿಬಿಟ್ಟಳು. ವರ್ಷ ತಿರುಗಿದ ಮೇಲೆ ಹಿರಿಯರು ಕುಳಿತು ಮಾತಾಡಿದರು. ಸಂಬಂಧ ಕಡಿಯುವುದು ಯಾಕೆ, ಅಕ್ಕನಿಗೆ ಇಟ್ಟ ಜಾಗಕ್ಕೆ ತಂಗಿ ಹೋಗಲಿ. ಸುಲಭದ ಮಾತು, ಅಲ್ವಾ? ಆದರೆ ದಿನ ಇಟ್ಟಾಗೆಲ್ಲ ಒಂದೊಂದು ವಿಘ್ನ. ಒಮ್ಮೆ ಸೂತಕ, ಒಮ್ಮೆ ಚಂದು ಅಂಗಳದಲ್ಲಿ ಜಾರಿ ಕಾಲು ಮುರಿದುಕೊಂಡ. ನಳಿನನ ಹೊಸ ಸೀರೆಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ, ಬೆಳಿಗ್ಗೆ ಅದು ಯಾರೋ ಉಟ್ಟು ಬಿಚ್ಚಿದ ಹಾಗೆ ಮುದುಡಿ ಬಿದ್ದಿರುತ್ತಿತ್ತು. ಆಗ ಎಲ್ಲರಿಗೂ ತಿಳಿಯಿತು. ಮೊದಲು ದೊಡ್ಡವಳಿಗೆ ಮದುವೆ ಆಗಬೇಕು."

"ಏನ್ರೀ ಯಮ್ಮಾ, ಸತ್ತಾಕಿಗೆ ಲಗ್ನಾನ?" ಎಂದಳು ಶರಣಮ್ಮ. "ನಮ್ಮ ಕಡೆ ಬದುಕಿದ್ದವರಿಗೆ ಗಂಡು ಹುಡುಕೂದ್ರಾಗ ಚಪ್ಪಲಿ ಸವೀತಾವ್ರೀ."

ಗುಲಾಬಿಯೂ ನಕ್ಕಳು. ಕಾವ್ಯ ನಗಲಿಲ್ಲ. ಮುದುಡಿದ ಸೀರೆಯೇ ಅವಳ ಕಣ್ಣ ಮುಂದಿತ್ತು. ನವ್ಯಶ್ರೀಯ ಧಾರೆ ಸೀರೆ ಒಳಗೆ ಕಪಾಟಿನಲ್ಲಿತ್ತು. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ ಕಾವ್ಯ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿ, ಮೊದಲಿದ್ದ ಮಡಿಕೆಯಲ್ಲೇ ಮಡಚಿ ಇಟ್ಟಿದ್ದಳು.

"ನಮ್ಮಲ್ಲಿ ಉಂಟು ಆ ಕ್ರಮ" ಎಂದಳು ಅಜ್ಜಿ. "ಮದುವೆಯಾಗದೆ ಹೋದವರಿಗೆ ಆಟಿಯಲ್ಲಿ ಮದುವೆ ಮಾಡುವುದು. ಅವರಿಗೂ ಆಸೆ ಇರುವುದಿಲ್ಲವಾ? ಗಂಡೂ ಸತ್ತವನೇ ಆಗಬೇಕು, ನಮ್ಮವನೇ ಆಗಬೇಕು. ಪೆರ್ಡೂರಿನ ಕಡೆ ಒಂದು ಮನೆಯಲ್ಲಿ ಹೊಳೆಗೆ ಬಿದ್ದು ಹೋದ ಹುಡುಗ ಇದ್ದ. ದಿಬ್ಬಣ ಬಂತು, ಪಾನಕ ಆಯ್ತು. ಗಂಡಿನ ಅಕ್ಕ 'ಹುಡುಗಿ ಕಪ್ಪಂತೆ ಹೌದಾ' ಅಂತ ಕೇಳಿದಳು, ನಾನು 'ನಿಮ್ಮ ಹುಡುಗ ಎಂತ ಬಿಳಿಯಾ, ನೀರಲ್ಲಿ ನೆನೆದು ಆಗಿರಬೇಕು' ಅಂದೆ. ಹಾಗೆ ತಮಾಷೆ ಎಲ್ಲ ಮಾಡಬೇಕು, ನಿಜದ ಮದುವೆಯ ಹಾಗೆಯೇ. ಎರಡು ಕುರ್ಚಿ. ಒಂದರಲ್ಲಿ ಪಂಚೆ, ಅಂಗಿ. ಇನ್ನೊಂದರಲ್ಲಿ ಸೀರೆ, ಬಳೆ, ಮಲ್ಲಿಗೆ. ಧಾರೆಯ ಹೊತ್ತಿಗೆ ಕುರ್ಚಿಗಳನ್ನು ಎದುರುಬದುರು ಇಡುವುದು, ಹೆಣ್ಣು ಗಂಡಿನ ಮುಖ ನೋಡಬೇಕು, ಆಗ ನೀರು ಬಿಡಬೇಕು.

"ಯಶ್ವಂತ ಮೂಲೆಯಲ್ಲಿ ನಿಂತು ಫೋಟೋ ತೆಗೆಯುತ್ತಿದ್ದ. ಕಿಂಡಿಯಲ್ಲಿ ಕಣ್ಣಿಟ್ಟ. ಚಂದು ತಂಬಿಗೆ ಎತ್ತಿದ. ಮತ್ತೆ ಇವನ ಬಾಯಿಯಿಂದ ಬಂತು ಮಾರಾಯ್ತಿ... ಬೇಕು ಅಂತ ಅಲ್ಲ, ಅಭ್ಯಾಸ, ಕ್ಯಾಮೆರಾ ಹಿಡಿದ ಕೂಡಲೇ ಬರುವ ಮಾತು. 'ಹರಿಣಾ, ಈ ಕಡೆ ನೋಡು.'

"ಎಲ್ಲರೂ ನಕ್ಕರು. ನೀರು ಬಿತ್ತು. ಊಟಕ್ಕೆ ಕುಳಿತರು. ಆಮೇಲೆ ಉಡುಪಿಯ ಸ್ಟುಡಿಯೋದಲ್ಲಿ ರೀಲು ತೊಳೆದು ಬಂತು. ಆ ಒಂದು ಫೋಟೋದಲ್ಲಿ ಪಂಚೆ ಇಟ್ಟ ಕುರ್ಚಿ ಹೇಗಿತ್ತೋ ಹಾಗೆಯೇ ಉಂಟು. ಸೀರೆಯ ನೆರಿಗೆ, ಸೆರಗು, ಮಲ್ಲಿಗೆ ಮಾತ್ರ ಪೂರ್ತಿ ಈ ಕಡೆಗೆ ತಿರುಗಿದೆ. ಮದುಮಗನಿಗೆ ಬೆನ್ನು. ಈಗ ನೀವು ಹೇಳಿ, ಧಾರೆಯ ನೀರು ಬೀಳುವಾಗ ಹೆಣ್ಣು ಯಾರ ಮುಖ ನೋಡಿದಳೋ ಅವನು ಅವಳಿಗೆ ಎಂತ ಆಗ್ತಾನೆ?"

ಮಳೆ ಹೆಂಚಿನ ಮೇಲೆ ಜೋರಾಯಿತು. ಅಜ್ಜಿ ಅದು ಸ್ವಲ್ಪ ಇಳಿಯುವವರೆಗೆ ಕಾದಳು.

"ಆಮೇಲೆ ನಳಿನನ ಮದುವೆ ಸಲೀಸಾಗಿ ಆಯ್ತು. ಆ ದಿನ ಈ ಕ್ಯಾಮೆರಾ ಹಿಡಿದವರು ಇಬ್ಬರು. ಒಬ್ಬ ಚಂದು, ಹೆಣ್ಣಿನ ಅಪ್ಪ. ಅವನ ಕೈ ನಡುಗಿ ಎಲ್ಲರ ತಲೆ ಕಡಿದು ಹೋಗಿತ್ತು, ಆದರೆ ಗಂಡ ಹೆಂಡತಿ ಒತ್ತಿಕೊಂಡೇ ನಿಂತಿದ್ದರು. ಇನ್ನೊಬ್ಬಳು ಯಶ್ವಂತನ ಸೋದರಮಾವನ ಮಗಳು. ಅವಳಿಗೆ ಅವನ ಮೇಲೆ ಸಣ್ಣಂದಿನಿಂದ ಮನಸ್ಸಿತ್ತು. ಬಾಯಿ ಬಿಟ್ಟವಳಲ್ಲ, ಮದುವೆಯ ಕೆಲಸ ಎಲ್ಲ ಮಾಡಿದವಳು ಅವಳೇ. ಅವಳು ತೆಗೆದ ಫೋಟೋದಲ್ಲಿ ಅವರಿಬ್ಬರ ನಡುವೆ ಜಾಗ. ಒಬ್ಬಳು ನಿಲ್ಲುವಷ್ಟು ಜಾಗ. ನಳಿನ ಅಂಚಿನಲ್ಲಿ, ಅರ್ಧ ತೋಳು ಕಾಗದದ ಹೊರಗೆ. ಸ್ಟುಡಿಯೋದವನು ಹೇಳಿದ, ಈ ಕ್ಯಾಮೆರಾದಲ್ಲಿ ನೋಡುವ ಕಿಂಡಿ ಬೇರೆ, ತೆಗೆಯುವ ಕಣ್ಣು ಬೇರೆ, ಹತ್ತಿರದಿಂದ ತೆಗೆದರೆ ಸ್ವಲ್ಪ ಆಚೆ ಈಚೆ ಆಗ್ತದೆ ಅಂತ. ಎಲ್ಲರೂ ಹೌದೆಂದರು. ಅವನು ಹೇಳಿದ್ದು ಸುಳ್ಳೂ ಅಲ್ಲ...

"ಆದರೆ ಸತ್ತವರಿಗೆ ಕಣ್ಣು ಇಲ್ಲ ಮಕ್ಕಳೇ. ಅವರಿಗೆ ಇದ್ದವರ ಕಣ್ಣು ಬೇಕು. ಒಳಗೆ ಕಿಚ್ಚಿರುವ ಕಣ್ಣು ಸಿಕ್ಕಿದರೆ ಬಾಗಿಲು ತೆರೆದ ಹಾಗೆ.

"ಹಬ್ಬ ಬಂತು, ನೆಂಟರ ಮನೆಯ ಪೂಜೆ ಬಂತು, ಆ ಹುಡುಗಿಯೇ ಕ್ಯಾಮೆರಾ ತೆಗೆದುಕೊಳ್ಳುವುದು, 'ನಿಲ್ಲಿ, ನಾನು ತೆಗೀತೇನೆ' ಅನ್ನುವುದು. ಒಂದರಲ್ಲಿ ನಳಿನನ ಒಂದು ಭುಜ. ಇನ್ನೊಂದರಲ್ಲಿ ಬರೀ ಬಳೆ. ಫೋಟೋದಲ್ಲಿ ಮಾತ್ರ ಅಲ್ಲ. ಊಟಕ್ಕೆ ಎಲೆ ಹಾಕುವಾಗ ಅವಳನ್ನು ಮರೆಯುವುದು. ಬಸ್ಸಿನಲ್ಲಿ ಕಂಡಕ್ಟರ್ ಅವಳ ಹತ್ತಿರ ಟಿಕೆಟ್ ಕೇಳದೆ ಮುಂದೆ ಹೋಗುವುದು. ನಾನೇ ಒಂದು ದಿನ ಅವಳು ಎದುರು ನಿಂತಿದ್ದಾಗ 'ನಳಿನ ಎಲ್ಲಿ' ಅಂತ ಕೇಳಿದ್ದೇನೆ. ಬಸುರಿಯಾದಳು. ಬಯಕೆ ಊಟದ ದಿನದ ಫೋಟೋದಲ್ಲಿ ಹೂ ಉಂಟು, ಹಣ್ಣು ಉಂಟು, ಆರತಿ ತಟ್ಟೆ ಉಂಟು... ನಡುವಿನ ಕುರ್ಚಿಯಲ್ಲಿ ಯಾರೂ ಇಲ್ಲ.

"ಆಸ್ಪತ್ರೆಯಿಂದ ಮಗುವನ್ನು ಎತ್ತಿಕೊಂಡು ಬಂದ ದಿನ ನಾನು ಅಂಗಳದಲ್ಲಿದ್ದೆ. ರಿಕ್ಷಾದಿಂದ ಇಳಿದವಳು ಮನೆ ನೋಡಿ ನಕ್ಕಳು. ಗದ್ದೆಯ ಆಚೆಗೆ ಕೇಳಿತು ಆ ನಗು. ನಳಿನನಿಗೆ ಆ ನಗು ಇರಲಿಲ್ಲ. ಯಶ್ವಂತ ಒಳಗಿನಿಂದ ಬಂದ, ಅವಳನ್ನು ನೋಡಿದ, 'ಹರಿಣಾ' ಅಂದ. ಅವಳು ತಿರುಗಿದಳು. ಅಂದಿನಿಂದ ಊರಲ್ಲೆಲ್ಲ ಅವಳಿಗೆ ಅದೇ ಹೆಸರು."

ನವ್ಯಶ್ರೀ ಹಗುರವಾಗಿ ಉಸಿರು ಬಿಟ್ಟಳು. "ಅಜ್ಜಿ, ಅತ್ತೆಯ ಹೆಸರು ಹರಿಣಾಕ್ಷಿಯೇ. ಮೊದಲಿನಿಂದಲೂ ಹಾಗೆಯೇ ಅಂತೆ. ನೀವು ಯಾರನ್ನೋ ಯಾರೋ ಅಂತ ಮಾಡಿದ್ದೀರಿ."

"ಇರಬಹುದು. ಪ್ರಾಯ ಆಯ್ತು." ಅಜ್ಜಿ ಮತ್ತೆ ಚೂರಿ ಎತ್ತಿಕೊಂಡಳು. "ಅವಳಿಗೆ ಗಂಡ ಸಿಕ್ಕಿದ, ಮನೆ ಸಿಕ್ಕಿತು, ಮಗ ಲಕ್ಷಿತ ಸಿಕ್ಕಿದ. ಇನ್ನು ಕ್ಯಾಮೆರಾ ಎಂತಕ್ಕೆ? ನಿನ್ನ ಕೈಗೆ ಕೊಟ್ಟಳು. ಈಗ ಅದರಲ್ಲಿ ಹರಿಣ ಇಲ್ಲ, ಆ ಹೆದರಿಕೆ ನನಗಿಲ್ಲ. ನಾನು ಕೇಳುವುದು ನಳಿನನ ವಿಷಯ. ಸತ್ತವಳಲ್ಲ, ಹಾಗಾಗಿ ಉತ್ತರಕ್ರಿಯೆ ಆಗಲಿಲ್ಲ. ಮದುವೆಯಾದವಳು, ಹಾಗಾಗಿ ಆಟಿಯ ಮದುವೆಯೂ ಇಲ್ಲ. ಅವಳು ಎಲ್ಲಿ ಹೋದಳು? ಅಂಚಿನಿಂದ ಹೊರಗೆ ನಿಂತು ಇಷ್ಟು ವರ್ಷ ಆಯ್ತು. ಒಳ್ಳೆಯ ಹುಡುಗಿ, ಬಾಯಿಯಿಲ್ಲದವಳು... ಆದರೆ ತನ್ನ ಮಗನನ್ನು ಬೇರೆಯವಳು ಎತ್ತಿ ಆಡಿಸುವುದನ್ನು ನೋಡುತ್ತಾ ಅಷ್ಟು ಕಾಲ ನಿಂತವಳು ಒಳ್ಳೆಯವಳಾಗಿಯೇ ಉಳೀತಾಳಾ? ಅವಳಿಗೆ ಈಗ ಒಂದು ಜಾಗ ಬೇಕು. ಆ ಮನೆಯಲ್ಲಿಯೇ ಬೇಕು. ಸೊಸೆಯ ಜಾಗ ಆದರೂ ಆದೀತು."

ಶರಣಮ್ಮ ಸೆರಗಿನ ತುದಿ ಕಚ್ಚಿ "ಶಿವನೇ" ಎಂದಳು. ಗುಲಾಬಿ ಎದ್ದು ದೀಪಕ್ಕೆ ಎಣ್ಣೆ ಹಾಕಿದಳು, ಸಿಟ್ಟಿನಿಂದ ಸ್ವಲ್ಪ ಹೆಚ್ಚೇ ಹಾಕಿದಳು.

"ಆಯ್ತಲ್ಲ ಕತೆ" ಎಂದು ನವ್ಯಶ್ರೀ ತೂಗುಮಂಚದಿಂದ ಇಳಿದು ಬಂದಳು. "ಕಾವ್ಯಾ, ನನ್ನದೊಂದು ತೆಗಿ. ನಿನಗೆ ಇಂಥದ್ದೆಲ್ಲ ಬರುವುದಿಲ್ಲ ಅಂತ ಹೆದರಬೇಡ, ಒತ್ತಿದರೆ ಆಯ್ತು. ತೊಳೆಸಿ ಲಕ್ಷಿತನಿಗೆ ಕೊಡಲಿಕ್ಕೆ. ಅವನು ಯಾವಾಗಲೂ ನಿನ್ನ ವಿಷಯ ಹೇಳ್ತಾನೆ ಗೊತ್ತುಂಟಾ, ಪಾಪದ ಹುಡುಗಿ, ವ್ಯಾನಿನಲ್ಲಿ ಒಂದು ಮಾತಾಡುವುದಿಲ್ಲ ಅಂತ."

ಪಾಪದ ಹುಡುಗಿ. ಕಾವ್ಯ ಮಡಿಲಿನ ಗರಿಗಳನ್ನು ಕೊಡವಿ ಎದ್ದಳು. ಕೈಯ ಹಸಿರು ಕಲೆಯನ್ನು ಲಂಗಕ್ಕೆ ಒರೆಸಿಕೊಂಡಳು. ಕ್ಯಾಮೆರಾ ಅವಳು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು.

"ಬೇಡ ಅನ್ನು ಮಗಾ" ಎಂದಳು ಅಜ್ಜಿ, ತಲೆ ಎತ್ತದೆ. "ಬೇಡ ಅಂದರೆ ಮುಗಿಯಿತು."

ಬೇಡ ಎನ್ನಬಹುದಿತ್ತು. ಆ ಎರಡಕ್ಷರ ಕಾವ್ಯನ ನಾಲಿಗೆಯ ಮೇಲೆಯೇ ಇತ್ತು. ಅವಳು ಕಿಂಡಿಗೆ ಕಣ್ಣಿಟ್ಟಳು. ನವ್ಯಶ್ರೀ ಗೋಡೆಗೆ ಒರಗಿ, ಜಡೆಯನ್ನು ಮುಂದೆ ಹಾಕಿ, ಸರಿಯಾಗಿ ನಡುವೆ ನಿಂತಿದ್ದಳು. ಎಷ್ಟು ಚಂದ ಕಾಣುತ್ತಿದ್ದಳು. ಅವಳ ಎರಡೂ ಬದಿಗೆ ಬೇಕಾದಷ್ಟು ಖಾಲಿ ಗೋಡೆ ಇತ್ತು. ಕಾವ್ಯನ ಎದೆಯಲ್ಲಿ ಅಷ್ಟು ದಿನದಿಂದ ಒಳಗೊಳಗೇ ಉರಿಯುತ್ತಿದ್ದದ್ದು ಮೆಲ್ಲಗೆ ಮೇಲೆ ಬಂದು ಕಣ್ಣಿನ ಹಿಂದೆ ನಿಂತಿತು. ಅದು ತನ್ನದೊಬ್ಬಳದೇ ಅಲ್ಲ ಎಂದು ಅವಳಿಗೆ ಅನಿಸಿತು. ಹೆದರಿಕೆ ಆಗಲಿಲ್ಲ. ಯಾರೋ ಬಂದು ಪಕ್ಕದಲ್ಲಿ ಕುಳಿತ ಹಾಗಾಯಿತು.

ಅವಳು ಒತ್ತಿದಳು.

ಬೆಳಕು ಫಳ್ಳೆಂದು ಚಾವಡಿಯನ್ನೆಲ್ಲ ಬೆಳ್ಳಗೆ ಮಾಡಿ ಆರಿತು. ಎಲ್ಲರ ಕಣ್ಣೂ ಕತ್ತಲೆಗಟ್ಟಿತು. ಆ ಕತ್ತಲೆಯಲ್ಲಿ ಕ್ಯಾಮೆರಾ ರೀಲನ್ನು ಸುತ್ತಿಕೊಳ್ಳುವ ಸದ್ದು ಮಾತ್ರ ಕೇಳುತ್ತಿತ್ತು. ಅದು ನಿಂತ ಮೇಲೆ ಮಳೆಯ ಸದ್ದು.

"ನವ್ಯಾ" ಎಂದಳು ಬೇಬಿ ಅಜ್ಜಿ. "ಒಂದು ಮಾತಾಡು ಮಗಾ."

ಗೋಡೆಗೆ ಒರಗಿದ್ದವಳು ಬಾಯಿಯಿಲ್ಲದವಳ ಹಾಗೆ ಅಜ್ಜಿಯನ್ನು ನೋಡಿದಳು.